ಬರೆದು ಬದುಕೋದು – 6: ಸಹಿ ಹಾಕೋ ಮುಂಚೆ

"ಎಷ್ಟು ಕೊಡ್ತೀರಿ?" ಅಂತ ಕೇಳೋಕೇ ನಮಗೆ ಸಂಕೋಚ. ಇನ್ನು "ಹಕ್ಕು ಯಾರದು?" ಅಂತ ಕೇಳೋದಂತೂ ದೂರದ ಮಾತು.

ಹೋದ ವರ್ಷ ಒಂದು ಆಡಿಯೋ ಕಥೆ ಬರೆದುಕೊಟ್ಟೆ. ಎರಡು ಸಾವಿರ ರೂಪಾಯಿ ಬಂತು, ಖುಷಿಯಾಯ್ತು. ಆಮೇಲೆ ಅದನ್ನ ನನ್ನ ಸಂಕಲನಕ್ಕೆ ಸೇರಿಸೋಣ ಅಂದ್ರೆ ಆಗಲಿಲ್ಲ. ಓದದೇ ಸಹಿ ಹಾಕಿದ ಕಾಗದದಲ್ಲಿ "ಎಲ್ಲ ಹಕ್ಕುಗಳೂ, ಶಾಶ್ವತವಾಗಿ" ಅಂತಿತ್ತು.

1957ರ ಕೃತಿಸ್ವಾಮ್ಯ ಕಾಯ್ದೆ ನೋಡಿ. ಸಂಬಳದ ನೌಕರಿಯಲ್ಲಿ ಬರೆದದ್ದು ಅಲ್ಲದಿದ್ದರೆ, ಬರೆದವರೇ ಮೊದಲ ಒಡೆಯರು. ಹಕ್ಕನ್ನು ಬಿಟ್ಟುಕೊಡೋದು ಲಿಖಿತವಾಗಿ, ನಮ್ಮ ಸಹಿಯೊಂದಿಗೇ ಆಗಬೇಕು. ಅವಧಿ ನಮೂದಿಸದಿದ್ದರೆ 5 ವರ್ಷ ಮಾತ್ರ. ಹಕ್ಕು ಇರೋದು ನಾವು ಬದುಕಿರೋ ತನಕ, ಆಮೇಲೆ ಇನ್ನೂ 60 ವರ್ಷ. ಮೊಮ್ಮಕ್ಕಳಿಗೆ ಸೇರಬೇಕಾದ್ದನ್ನ ನಾನು ಎರಡು ಸಾವಿರಕ್ಕೆ ಕೊಟ್ಟುಬಿಟ್ಟಿದ್ದೆ.

ಜಾಹೀರಾತಿನ ಸಾಲು, ಕಂಪನಿ ಪರಿಚಯ ಎಲ್ಲ ಕೊಟ್ಟುಬಿಡಿ, ದುಡ್ಡು ತಗೊಳ್ಳಿ. ಕಥೆ, ಅಂಕಣ ಹಾಗಲ್ಲ. "ಯಾವುದಕ್ಕೆ ಬಳಸ್ತೀರಿ, ಎಷ್ಟು ವರ್ಷಕ್ಕೆ?" ಅಂತ ಒಂದು ಮೇಲ್ ಹಾಕಿ.

ಕೇಳಿದ್ರೆ ಕೆಲಸ ಹೋಗುತ್ತೆ ಅನ್ನೋ ಭಯ ನನಗೂ ಇದೆ. ಒಂದು ಸಲ ಹೋಗಿದೆ ಕೂಡ. ಆದ್ರೆ ಇನ್ನಿಬ್ಬರು ಮರುಮಾತಿಲ್ಲದೆ "3 ವರ್ಷ" ಅಂತ ತಿದ್ದಿಕೊಟ್ಟರು.

ನೀವು ಕೊನೇ ಸಲ ಸಹಿ ಹಾಕಿದ ಕಾಗದ ಇವತ್ತೇ ತೆಗೆದು ಓದಿ. ಅದರಲ್ಲಿ ಏನಂತಿದೆ?

#ಬರೆದುಬದುಕೋದು #ಕನ್ನಡಬರಹ