ಮಣ್ಣಿಗೂ ಒಂದು ಬಿಲ್ ಬೇಕು

ಬಾರಾಮತಿಗೆ ಬಂದ ಹೊಸತರಲ್ಲಿ ಇಲ್ಲಿಯ ಮಳೆಯನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಸಹ್ಯಾದ್ರಿಯ ಮಳೆನೆರಳಿನ ಊರು; ನಮ್ಮ ಅಫಜಲಪುರದಂತೆಯೇ ಎರೆಭೂಮಿ. ರಸ್ತೆಯ ಏರಿಗೆ ಗರಸು ಹಾಕಿಸುತ್ತಿದ್ದೆವು. ಇಳಿಜಾರಿನ ರಕ್ಷಣೆ ಜೂನ್ ಹೊತ್ತಿಗೆ ಮಾಡಿದರಾಯಿತು ಎಂದುಕೊಂಡಿದ್ದೆ.

ಮೇ ತಿಂಗಳಲ್ಲೇ ಒಂದು ರಾತ್ರಿ ಮಳೆ ಹೊಡೆಯಿತು. ಬೆಳಿಗ್ಗೆ ನೋಡಿದರೆ ಏರಿಯ ಮೈತುಂಬ ಕೊರಕಲು, ಮೋರಿ ಅರ್ಧ ಮುಚ್ಚಿತ್ತು, ಗರಸೆಲ್ಲ ಪಕ್ಕದ ಕಬ್ಬಿನ ಹೊಲದಲ್ಲಿ. ಹೊಲದ ಯಜಮಾನರು ಬೈಯಲಿಲ್ಲ. ‘ನಿಮ್ಮ ರಸ್ತೆಗೆ ಇನ್ನೊಂದು ಟಿಪ್ಪರ್ ಮಣ್ಣು ಬರುತ್ತದೆ ಸಾಹೇಬ್, ನನ್ನ ಹೊಲ ಯಾರು ಬಳಿಯುತ್ತಾರೆ?’ ಎಂದರು. ಉತ್ತರ ನನ್ನಲ್ಲಿರಲಿಲ್ಲ.

ಆ ಮಣ್ಣು ಹೊಲದಲ್ಲೇ ನಿಲ್ಲುವುದಿಲ್ಲ. ಹಳ್ಳ ಹಿಡಿದು ಕರ್ಹಾ ನದಿಗೆ, ಅಲ್ಲಿಂದ ನೀರಾಕ್ಕೆ, ನರಸಿಂಹಪುರದಲ್ಲಿ ಭೀಮೆಗೆ ಸೇರುತ್ತದೆ. ಆ ಸಂಗಮ ಇರುವುದು ಉಜನಿ ಅಣೆಕಟ್ಟಿನ ಕೆಳಗೆ. ಹಾಗಾಗಿ ಅಲ್ಲಿ ತಡೆಯಿಲ್ಲ. ಮುಂದೆ ಸಿಗುವುದು ನಮ್ಮ ವಿಜಯಪುರ, ಕಲಬುರಗಿ ಜಿಲ್ಲೆಗಳ ದಂಡೆ, ಸೊನ್ನ ಬ್ಯಾರೇಜು. ಇಲ್ಲಿ ನಾನು ಬಿಟ್ಟ ಮಣ್ಣಿನಲ್ಲಿ ಸ್ವಲ್ಪವಾದರೂ ನನ್ನೂರಿನ ಹೂಳಾಗುತ್ತದೆ.

ನಿಯಮ ಇಲ್ಲವೆಂದಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಕಾಮಗಾರಿ ನಿಯಮಾವಳಿಯಲ್ಲಿ 306ನೇ ವಿಭಾಗವೇ ಇದಕ್ಕೆ ಮೀಸಲು. ಬೇಕಾದಷ್ಟೇ ನೆಲ ಅಗೆಯಿರಿ, ತಾತ್ಕಾಲಿಕ ಬದು, ಚರಂಡಿ, ಹೂಳುಗುಂಡಿ ಮಾಡಿ, ಇಳಿಜಾರಿಗೆ ಹುಲ್ಲು ಹಿಡಿಸಿ ಎನ್ನುತ್ತದೆ ಅದು. ತೊಡಕಿರುವುದು ಕೊನೆಯಲ್ಲಿ: ಇದಕ್ಕೆ ಪ್ರತ್ಯೇಕ ಹಣವಿಲ್ಲ, ಮಣ್ಣುಕೆಲಸದ ದರದಲ್ಲೇ ಸೇರಿದೆ. ಬಿಲ್ ಇಲ್ಲದ ಕೆಲಸವನ್ನು ಗುತ್ತಿಗೆದಾರ ಮೊದಲು ಕೈಬಿಡುತ್ತಾನೆ; ನಮ್ಮಂಥ ಎಂಜಿನಿಯರುಗಳು ಕಂಡೂ ಕಾಣದಂತಿರುತ್ತೇವೆ.

ಖರ್ಚು ಹೆಚ್ಚುತ್ತದೆ ಎಂಬ ವಾದವಿದೆ. ಆದರೆ ಚರಂಡಿಗೆ ಅಡ್ಡ ಕಲ್ಲಿನ ಸಣ್ಣ ತಡೆ, ಮೋರಿಯ ಬಾಯಿಗೆ ಒಂದು ಗುಂಡಿ, ತೆಗೆದಿಟ್ಟ ಮೇಲ್ಮಣ್ಣನ್ನೇ ಇಳಿಜಾರಿಗೆ ಹರಡಿ ಹುಲ್ಲಿನ ಬೀಜ ಚೆಲ್ಲುವುದು, ಇವೆಲ್ಲ ಸೈಟಿನಲ್ಲೇ ಇರುವ ಸಾಮಾನಿನಿಂದ ಆಗುವ ಕೆಲಸ. ಕೊಚ್ಚಿಹೋದ ಏರಿಯನ್ನು ಮತ್ತೆ ಕಟ್ಟುವುದು ಅಗ್ಗವೇನಲ್ಲ. ರೈತನ ನಷ್ಟವಂತೂ ಯಾರ ಲೆಕ್ಕದಲ್ಲೂ ಇಲ್ಲ.

ಟೆಂಡರಿನಲ್ಲಿ ಮಣ್ಣುರಕ್ಷಣೆಗೆ ಪ್ರತ್ಯೇಕ ದರ ಬರಲಿ. ಕೆಲಸ ನೋಡಿಯೇ ಹಣ ಕೊಡಲಿ. ಗಡುವು ಜೂನ್ ಅಲ್ಲ, ಮೇ ಆರಂಭ ಇರಲಿ. 2025ರ ಮೇ ಕೊನೆಯ ಮಳೆಗೆ ಇಲ್ಲಿಯ ಪಿಂಪಳಿ ಬಳಿ ನೀರಾ ಎಡದಂಡೆ ಕಾಲುವೆಯೇ ಒಡೆದಿತ್ತು. ಮಳೆ ಈಗ ಪಂಚಾಂಗ ನೋಡಿ ಬರುವುದಿಲ್ಲ. ಕರ್ನಾಟಕದಲ್ಲಿ ರಸ್ತೆ ಮಾಡಿಸುವವರಿಗೂ ನನ್ನ ಮಾತು ಇದೇ. ಮಳೆಗೆ ಮುಂಚೆ ಒಮ್ಮೆ ಏರಿಯಿಂದ ಇಳಿದು, ನಿಮ್ಮ ಮೋರಿಯ ನೀರು ಯಾರ ಹೊಲಕ್ಕೆ ಹೋಗುತ್ತದೆ ಎಂದು ನೋಡಿ ಬನ್ನಿ.