ಮಡಲ ಮಾಡಿಗೂ ಬಾಡಿಗೆ ಬರುತ್ತದೆ

ತೆಂಗಿನ ಮರವೊಂದು ವರ್ಷಕ್ಕೆ 12ರ ಆಸುಪಾಸು ಮಡಲು ಬೀಳಿಸುತ್ತದೆ. ನಮ್ಮಲ್ಲಿ ಹೆಚ್ಚಿನವರು ಅದನ್ನು ಬಚ್ಚಲ ಒಲೆಗೆ ತುರುಕಿ ಕೈತೊಳೆದುಕೊಳ್ಳುತ್ತೇವೆ. ಇದೇ ಮಡಲು ಬಾಡಿಗೆ ತರುವುದನ್ನು ಕಂಡದ್ದು ಗೋಕರ್ಣದಲ್ಲಿ.

2009ರ ಡಿಸೆಂಬರಿನಲ್ಲಿ ಕುಮಟಾದ ಸಿಹಿ ಈರುಳ್ಳಿ ಗದ್ದೆ ನೋಡಲು ಹೋದವನು ಹಾಗೇ ಮುಂದೆ ಹೋಗಿದ್ದೆ. ಕುಡ್ಲೆ, ಓಂ ಬೀಚ್ ದಾಟಿ ಗುಡ್ಡದ ಕಾಲುದಾರಿ ಹಿಡಿದರೆ ಹಾಫ್ ಮೂನ್, ಅದರಾಚೆ ಪ್ಯಾರಡೈಸ್. ರಸ್ತೆ ಇಲ್ಲ, ನಡೆಯಬೇಕು, ಇಲ್ಲಾ ದೋಣಿ. ಹಾಫ್ ಮೂನಿಗೆ ಇಳಿದರೆ ತೆಂಗಿನ ಬುಡದಲ್ಲಿ ಸಾಲು ಗುಡಿಸಲು! ಮಡಲಿನ ಮಾಡು, ಮಡಲಿನದೇ ತಟ್ಟಿ, ಸೆಗಣಿ ಸಾರಿಸಿದ ನೆಲ, ಒಂದು ಸೊಳ್ಳೆಪರದೆ. ನಮ್ಮ ಗದ್ದೆ ಕಾಯುವ ಮಾಳಕ್ಕಿಂತ ಹೆಚ್ಚೇನಿಲ್ಲ. ಪರದೇಶದವರು ಅದರಲ್ಲಿ ವಾರಗಟ್ಟಲೆ ಇರುತ್ತಿದ್ದರು.

"ಮಾಡು ಸೋರಿದ್ರೆ?" ಕೇಳಿದೆ.

"ಈಗ ಮಳೆ ಎಲ್ಲಿ ಬರ್ತದೆ ಮಾರಾಯ್ರೇ? ಮಳೆಗಾಲಕ್ಕೆ ಬಿಚ್ಚಿ ಇಡ್ತೇವೆ. ಹಳೇ ಮಡ್ಲು ತೆಂಗಿನ ಬುಡಕ್ಕೆ" ಎಂದರು ಯಜಮಾನರು. ಜಾಗ ಅವರದೇ, ಮಡಲೂ ಅವರದೇ.

ನನಗೆ ಮುಖ್ಯವಾಗಿ ಕಾಣುವುದು ಇದು. ಕಡಲಂಚಿನ ತುಂಡು ಭೂಮಿಗೆ ಕೈತುಂಬ ಹಣ ಹಿಡಿದು ಬರುವವರಿದ್ದಾರೆ. ಮಾರಿದರೆ ಅಲ್ಲಿ ಕಾಂಕ್ರೀಟ್ ಏಳುತ್ತದೆ, ಬೋರ್ ಬೀಳುತ್ತದೆ. ಮರಳಿನಡಿ ಸಿಹಿನೀರು ಉಪ್ಪುನೀರಿನ ಮೇಲೆ ತೆಳ್ಳಗೆ ನಿಂತಿರುತ್ತದೆ. ಲೆಕ್ಕವಿಲ್ಲದೆ ಎಳೆದರೆ ಉಪ್ಪು ಮೇಲೆ ಬರುತ್ತದೆ. ಆಮೇಲೆ ಹಾಲಕ್ಕಿ ಹೆಂಗಸರು ಬುಟ್ಟಿಯಲ್ಲಿ ಹೊತ್ತು ತಂದು ಮಾರುವ ಹರಿವೆ, ಮೂಲಂಗಿ ಎಲ್ಲಿ ಬೆಳೆಯುವುದು? ಆರೇಳು ತಿಂಗಳ ಗುಡಿಸಲಿಗೆ ಬಾವಿಯಿಂದ ಸೇದಿದ ನಾಲ್ಕು ಕೊಡ ಸಾಕು.

2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯಲ್ಲಿ ತಾತ್ಕಾಲಿಕ ಗುಡಿಸಲಿಗೆ ಅವಕಾಶವಿದೆ. ಗೋವಾದಲ್ಲಿ ಸೀಸನ್ನಿಗೆ ಪರವಾನಗಿ ಕೊಟ್ಟು, ಮಳೆಗೆ ಮೊದಲು ತೆಗೆಸುವ ಪದ್ಧತಿಯಿದೆ. ನಮ್ಮಲ್ಲೂ ಹಾಗೆ ಮಾಡಲಿ. ಆದರೆ ಪರವಾನಗಿ ಆಯಾ ಊರಿನ ಹಿಡುವಳಿದಾರರಿಗೆ, ಮೀನುಗಾರರಿಗೆ ಮಾತ್ರ. ಕಟ್ಟುವುದು ಮಡಲು, ಬಿದಿರು, ಅಡಿಕೆ ದಬ್ಬೆಯಲ್ಲೇ ಆಗಬೇಕು. ತಗಡು, ಸಿಮೆಂಟು ಬೇಡ. ಈ ಷರತ್ತು ಸಡಿಲಾದರೆ ಹೊರಗಿನ ದೊಡ್ಡ ಕುಳಗಳು ಬೇನಾಮಿಯಲ್ಲಿ ನುಗ್ಗುತ್ತಾರೆ, ಅನುಮಾನವೇ ಬೇಡ. ಮಡಲು ಹೆಣೆಯುವ ಕೈಗಳೂ ಕಡಿಮೆಯಾಗುತ್ತಿವೆ. ಕೂಲಿ ಸಿಕ್ಕಿದರೆ ಕಲಿಯುವವರು ಬಂದಾರು.

ಅಲ್ಲಿ ಸರಿಕಾಣದ್ದೂ ಇತ್ತು. ಗುಡಿಸಲ ಹಿಂದೆ ನೀರಿನ ಬಾಟಲಿಗಳ ಗುಡ್ಡೆ. ತುಂಬಿದ ಬಾಟಲಿ ತರುವ ದೋಣಿ ವಾಪಸು ಖಾಲಿ ಹೋಗುತ್ತಿತ್ತು. ಖಾಲಿ ಬಾಟಲಿಗಳನ್ನು ಗೋಣಿಗೆ ತುಂಬಿ ಅದೇ ದೋಣಿಗೆ ಎಸೆಯಲು ಏನು ಕಷ್ಟ?