ತೇಪೆ ಹಾಕುವ ಹೊಣೆ ಯಾರದು?

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಸಂಚರಿಸುವವರಿಗೆ ಕೆಂಗಲ್ಲಿನ ಹನುಮಂತರಾಯನ ಗುಡಿ ಪರಿಚಿತವಾದುದು. ಕೆಂಗಲ್ಲೆಂದರೆ ಕೆಂಪು ಕಲ್ಲು. ಕಲ್ಲಿನಲ್ಲಿ ಕೆತ್ತಿದ್ದು ಶತಮಾನಗಳವರೆಗೆ ನಿಲ್ಲುತ್ತದೆ. ಕೆತ್ತಿದವನು ಮತ್ತೆ ಉಳಿ ಹಿಡಿಯಬೇಕಾಗಿಲ್ಲ. ಜಾಲತಾಣವನ್ನೂ ನಾವು ಹೀಗೆಯೇ ಭಾವಿಸಿದ್ದೇವೆ. ಉದ್ಘಾಟನೆಯ ದಿನ ದೀಪ ಬೆಳಗಿ ಭಾಷಣ ಮಾಡುತ್ತೇವೆ. ಮರುದಿನದಿಂದ ಅದರ ತಂತ್ರಾಂಶದ ಕಡೆಗೆ ತಿರುಗಿಯೂ ನೋಡುವುದಿಲ್ಲ. ಇದು ದೊಡ್ಡ ತಪ್ಪೆಂದು ನಮ್ಮ ಅಭಿಪ್ರಾಯ.

ತಂತ್ರಾಂಶಕ್ಕೆ ತುಕ್ಕು ಹಿಡಿಯದಲ್ಲ, ನಿನ್ನೆ ನಡೆದದ್ದು ಇಂದೇಕೆ ನಡೆಯದು ಎಂದು ವಿದ್ಯಾರ್ಥಿಗಳು ಕೇಳಬಹುದು. ಪ್ರಶ್ನೆ ಸಮಂಜಸವಾದುದೇ. ಕಬ್ಬಿಣದ ಸೇತುವೆ ಸವೆಯುವುದು ಗಾಳಿ ನೀರುಗಳಿಂದ. ತಂತ್ರಾಂಶ ದುರ್ಬಲವಾಗುವುದು ಮನುಷ್ಯನ ತಿಳಿವಳಿಕೆ ಬೆಳೆಯುವುದರಿಂದ. ಲಕ್ಷಾಂತರ ಸಾಲುಗಳ ಸೂಚನೆಗಳಲ್ಲಿ, ಬರೆದವರ ಕಣ್ಣಿಗೂ ಬೀಳದ ಲೋಪಗಳು ಮೊದಲಿನಿಂದಲೇ ಅಡಗಿರುತ್ತವೆ. ಅಂಥದೊಂದು ಪತ್ತೆಯಾದಾಗ ಅದನ್ನು ಮುಚ್ಚಲು ತಯಾರಕರು ‘ಪ್ಯಾಚ್’ ಎಂಬ ತೇಪೆಯನ್ನು ಹೊರಡಿಸುತ್ತಾರೆ.

ಇಲ್ಲೊಂದು ವಿಚಿತ್ರವುಂಟು. ತೇಪೆ ಪ್ರಕಟವಾದೊಡನೆ ತೂತು ಎಲ್ಲಿದೆಯೆಂಬುದೂ ಲೋಕಕ್ಕೆಲ್ಲ ಪ್ರಕಟವಾಗುತ್ತದೆ. ಹಳೆಯದನ್ನು ಹೊಸದರೊಡನೆ ಹೋಲಿಸಿದವನಿಗೆ ಕನ್ನ ಹಾಕಬೇಕಾದ ಗೋಡೆ ಯಾವುದೆಂದು ತಿಳಿದುಹೋಗುತ್ತದೆ. 2014ರ ಅಕ್ಟೋಬರ್ 15ರಂದು, ಜಾಲತಾಣಗಳನ್ನು ಕಟ್ಟಲು ಬಳಸುವ ಡ್ರೂಪಲ್ ತಂತ್ರಾಂಶಕ್ಕೆ ತೇಪೆಯೊಂದು ಹೊರಬಂದಿತು. 7 ಗಂಟೆಗಳೊಳಗೆ ಅದನ್ನು ಹಾಕಿಕೊಳ್ಳದ ತಾಣಗಳಿಗೆಲ್ಲ ಕಳ್ಳರು ನುಗ್ಗಿರುವರೆಂದೇ ಭಾವಿಸಬೇಕೆಂದು ಅದರ ರಕ್ಷಣಾ ತಂಡವೇ ಎರಡು ವಾರಗಳ ಬಳಿಕ ಎಚ್ಚರಿಸಿತು. ಅಮೆರಿಕದ ಈಕ್ವಿಫ್ಯಾಕ್ಸ್ ಸಂಸ್ಥೆಯಾದರೋ, 2017ರ ಮಾರ್ಚಿಯಲ್ಲಿ ದೊರೆತ ತೇಪೆಯನ್ನು ತನ್ನ ತಾಣವೊಂದಕ್ಕೆ ಹಾಕದೆ ಬಿಟ್ಟಿತು. ಮೇ ತಿಂಗಳಲ್ಲಿ ಅಲ್ಲಿಂದಲೇ ಒಳಹೊಕ್ಕ ಕಳ್ಳರು ಸುಮಾರು 14 ಕೋಟಿ 70 ಲಕ್ಷ ಜನರ ಖಾಸಗಿ ವಿವರಗಳನ್ನು ಕದ್ದರು.

ನಮ್ಮ ಕಾಲೇಜಿನ ತಾಣದಲ್ಲಿ ಕದಿಯಲು ಏನಿದೆ ಎಂಬ ಉದಾಸೀನ ಸಲ್ಲದು. ವಿದ್ಯಾರ್ಥಿಗಳ ಹೆಸರು, ವಿಳಾಸ, ದೂರವಾಣಿ, ಅಂಕಗಳು ಅಲ್ಲಿರಬಹುದು. ಕಳ್ಳನು ಊರಿನ ಹೆಸರು ನೋಡಿ ಬರುವುದಿಲ್ಲ. ಅವನ ಯಂತ್ರ ಸಿಕ್ಕಿದ ಬಾಗಿಲನ್ನೆಲ್ಲ ತಟ್ಟಿ ನೋಡುತ್ತದೆ. ತಾಣವನ್ನು ಕಟ್ಟಿಕೊಟ್ಟ ವಿದ್ಯಾರ್ಥಿ ತೇರ್ಗಡೆಯಾಗಿ ಹೊರಟುಹೋದ ಮೇಲೆ ಅದನ್ನು ನೋಡಿಕೊಳ್ಳುವವರು ಯಾರು? ಈ ಪ್ರಶ್ನೆಗೆ ಉತ್ತರವಿಲ್ಲದಿರುವುದೇ ಎಲ್ಲಕ್ಕಿಂತ ದೊಡ್ಡ ತೂತು.

ತೇಪೆ ಹಾಕಲು ಹೋಗಿ ಇದ್ದದ್ದೂ ಕೆಟ್ಟೀತೆಂಬ ಅಂಜಿಕೆ ಆಧಾರವಿಲ್ಲದ್ದಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ದೋಷಯುಕ್ತ ಪರಿಷ್ಕರಣೆಯೊಂದರಿಂದ ಸುಮಾರು 85 ಲಕ್ಷ ಗಣಕಯಂತ್ರಗಳು ಸ್ತಬ್ಧವಾದವು. ಆದರೆ ಒಂದು ಔಷಧ ಒಗ್ಗಲಿಲ್ಲವೆಂದು ವೈದ್ಯವನ್ನೇ ಬಿಡುವವರುಂಟೆ? ಮೊದಲು ತಾಣದ ಪ್ರತಿಯನ್ನು ತೆಗೆದಿಡಬೇಕು. ತೇಪೆಯನ್ನು ಆ ಪ್ರತಿಯ ಮೇಲೆ ಪರೀಕ್ಷಿಸಬೇಕು. ಅನಂತರ ತಡಮಾಡದೆ ಮೂಲಕ್ಕೆ ಹಾಕಬೇಕು.

ಹಿಂದೆ ಮೈಸೂರು ಸೀಮೆಯ ಕೆರೆಗಳಿಗೆ ನೀರುಗಂಟಿಯೆಂಬವನಿರುತ್ತಿದ್ದನು. ತೂಬನ್ನು ತೆರೆದು ಮುಚ್ಚಿ, ಏರಿಯ ಮೇಲೆ ಕಣ್ಣಿಡುವುದು ಅವನ ಹೊಣೆ. ಪ್ರತಿಯೊಂದು ಜಾಲತಾಣಕ್ಕೂ ಅಂಥ ನೀರುಗಂಟಿಯೊಬ್ಬನು ಬೇಕು. ಭಾರತ ಸರ್ಕಾರದ ಸರ್ಟ್-ಇನ್ ಸಂಸ್ಥೆ ಪ್ರಕಟಿಸುವ ಎಚ್ಚರಿಕೆಗಳನ್ನು ಓದಿ, ಬೇಕಾದ ತೇಪೆಯನ್ನು ಕೂಡಲೇ ಹಾಕುವ ಕೆಲಸ ಅವನದಾಗಲಿ. ಕೋಡಿ ಒಡೆದ ಮೇಲೆ ಮಣ್ಣು ಹೊರುವುದಕ್ಕಿಂತ, ಬಿರುಕು ಕಂಡಾಗಲೇ ಒಂದು ಬುಟ್ಟಿ ಮಣ್ಣು ಹಾಕುವುದು ಲೇಸು.